ನಮ್ಮ ಅಂಗಳದ ಒಂಬತ್ತು ಗಾಡಿ

ಪಂಚಾಯಿತಿಯವರು ಕಳಿಸಿದ ನೋಟಿಸು ಓದಿದರೆ ನಮ್ಮಜ್ಜಿ ವೆಂಕಮ್ಮ ಯಾವುದೋ ದೊಡ್ಡ ಕಳ್ಳಮಾಲಿನ ವ್ಯಾಪಾರಸ್ಥೆ ಅನ್ನಿಸುತ್ತದೆ. ‘ಸದರಿ ಸ್ವತ್ತಿನ ಮಾಲೀಕರಾದ ನೀವು ನೋಂದಣಿ ಇಲ್ಲದ ಒಂಬತ್ತು ವಾಹನಗಳನ್ನು ಅನಧಿಕೃತವಾಗಿ ದಾಸ್ತಾನು ಮಾಡಿಕೊಂಡು, ಪರವಾನಗಿ ಪಡೆಯದೆ ಗುಜರಿ ವ್ಯವಹಾರ ನಡೆಸುತ್ತಿರುವುದು ಸ್ಥಳ ಪರಿಶೀಲನೆಯಿಂದ ಕಂಡುಬಂದಿರುತ್ತದೆ.’ ಅಜ್ಜಿಗೆ ಎಪ್ಪತ್ತಾರು ವರ್ಷ. ಸೈಕಲ್ ಹೊಡೆಯಲೂ ಬರುವುದಿಲ್ಲ. ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಾಳೆ.

ನೋಟಿಸು ಬಂದದ್ದು ಜೂನ್ ಕೊನೆಯ ವಾರ, ನಾವು ಮಧ್ಯಾಹ್ನದ ಗಂಜಿಗೆ ಕೂತಿದ್ದಾಗ. ತಂಗಿ ಲಿಖಿತಾ ಎಡಗೈಯಲ್ಲಿ ಹಿಡಿದು ಓದಿದಳು. ಸಾಗರದಲ್ಲಿ ಡಿಗ್ರಿ ಎರಡನೇ ವರ್ಷ ಅವಳದು; ಮನೆಗೆ ಬರುವ ಸರ್ಕಾರಿ ಕಾಗದವೆಲ್ಲ ಅವಳ ಪಾಲು. ಓದಿ ಮುಗಿಸಿ, “ಅಜ್ಜೀ, ಒಂಬತ್ತು ಗಾಡಿ ಇಟ್ಕೊಂಡು ನನ್ನ ಬಸ್ಸಲ್ಲಿ ಕಳಿಸ್ತೀಯಲ್ಲ, ಎಂತ ಜಿಪುಣಿ ಮಾರಾಯ್ತಿ ನೀನು,” ಅಂದಳು.

ಅಜ್ಜಿ ನಕ್ಕಳು. ಅಪ್ಪ ನಗಲಿಲ್ಲ. ಒಂಬತ್ತೂ ನಮ್ಮದು ಅಂತ ಯಾರು ಹೇಳಿದ್ದು ಎಂದು ಕೇಳಿದ.

“ನಾನೇ. ಅವ್ರು ಕೇಳಿದ್ರು, ಹೇಳ್ದೆ,” ಅಂದಳು ಅಜ್ಜಿ, ಉಪ್ಪಿನಕಾಯಿ ನೆಕ್ಕುತ್ತ.

ನಮ್ಮ ಮನೆ ಇರುವುದು ಸಾಗರದಿಂದ ಹೊಸನಗರಕ್ಕೆ ಹೋಗುವ ಟಾರು ರಸ್ತೆಯ ಬದಿಗೆ. ಮನೆಯ ಪಕ್ಕದಿಂದ ಒಂದು ಮಣ್ಣುದಾರಿ ಒಳಕ್ಕೆ ಹೋಗುತ್ತದೆ. ನಾಲ್ಕು ಕಿಲೋಮೀಟರು ನಡೆದರೆ ಕಾನಕೊಡ್ಲು, ಹನ್ನೊಂದು ಮನೆ. ಪ್ರತಿ ಎಲೆಕ್ಷನ್ನಿಗೂ ಆ ದಾರಿಗೆ ಟಾರು ಬರುತ್ತದೆ ಎನ್ನುತ್ತಾರೆ. ಜೂನ್ ಮೊದಲ ವಾರಕ್ಕೆ ಅದು ಕೆಸರಾಗಿ ಚಕ್ರ ಹೂತುಹೋಗುತ್ತದೆ. ಆಗ ಒಳಗಿನವರು ತಮ್ಮ ಗಾಡಿಗಳನ್ನು ತಂದು ನಮ್ಮ ಅಂಗಳದಲ್ಲಿ ಬಿಟ್ಟು, ಕೀ ಅಜ್ಜಿಯ ಕೈಗೆ ಕೊಟ್ಟು ನಡೆದು ಹೋಗುತ್ತಾರೆ. ದೀಪಾವಳಿ ಹೊತ್ತಿಗೆ ದಾರಿ ಒಣಗಿದ ಮೇಲೆ ಬಂದು ಒಯ್ಯುತ್ತಾರೆ. ಬಾಡಿಗೆ ಗೀಡಿಗೆ ಅಂತೇನೂ ಇಲ್ಲ. ನಮ್ಮಜ್ಜ ದುಗ್ಗಪ್ಪನ ಕಾಲದಲ್ಲಿ ಎತ್ತಿನಗಾಡಿ ಬಿಡುತ್ತಿದ್ದರು, ಈಗ ಎಂಜಿನ್ ಗಾಡಿ ಬಿಡುತ್ತಾರೆ, ಅಷ್ಟೇ. ಕಾನಕೊಡ್ಲಿನವರಿಗೂ ನಮಗೂ ಇರುವುದು ಮುಯ್ಯಾಳಿನ ಸಂಬಂಧ. ಅವರ ನಾಟಿಗೆ ನಾವು ಎಷ್ಟು ಆಳು ಹೋಗುತ್ತೇವೋ ನಮ್ಮ ನಾಟಿಗೆ ಅಷ್ಟು ಆಳು ಅವರು ಬರುತ್ತಾರೆ. ಬಂದವರಿಗೆ ಹೊಟ್ಟೆ ತುಂಬ ಊಟ. ಕೂಲಿಯ ಮಾತಿಲ್ಲ.

ಗಾಡಿಗಳಿಗೆ ಕಾಗದ ಇಲ್ಲ ಅನ್ನುವುದು ಸುಳ್ಳಲ್ಲ. ಕಾನಕೊಡ್ಲಿನ ಮಾಸ್ತಪ್ಪನ ಜೀಪಿನ ನೋಂದಣಿ ಮುಗಿದು ಹನ್ನೊಂದು ವರ್ಷವಾಯಿತು. ನಾನು ಹೊಸನಗರದ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಆ ಜೀಪಿನ ಎಂಜಿನ್ನನ್ನು ಎರಡು ಸಲ ನಾನೇ ಬಿಚ್ಚಿ ಕಟ್ಟಿದ್ದೇನೆ. ಆದರೆ ಅದು ಇಡೀ ಕಾನಕೊಡ್ಲಿನ ಜೀಪು. ಮಳೆಗಾಲದಲ್ಲಿ ಅಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಕಂಬಳಿಯಲ್ಲಿ ಜೋಲಿ ಕಟ್ಟಿ ನಮ್ಮ ಅಂಗಳದವರೆಗೆ ಹೊತ್ತು ತರುತ್ತಾರೆ. ಅಲ್ಲಿಂದ ಆಸ್ಪತ್ರೆಗೆ ಆ ಜೀಪೇ ಗತಿ.

ಇನ್ನು ಅಜ್ಜಿ ‘ಎಲ್ಲ ನಮ್ದೇ’ ಅಂದ ವಿಷಯ. ಗೇಣಿ ಕಾಲದಲ್ಲಿ ಒಡೆಯರ ಆಳು ಭತ್ತ ಅಳೆದು ಒಯ್ಯಲು ಬಂದಾಗ, ಕೊಡಲಾಗದವರು ಒಂದೆರಡು ಚೀಲವನ್ನು ಪಕ್ಕದ ಮನೆಯಲ್ಲಿ ಬಚ್ಚಿಡುತ್ತಿದ್ದರಂತೆ. ಇದು ಯಾರದ್ದು ಎಂದು ಕೇಳಿದರೆ ಮನೆಯವರು ನಮ್ಮದು ಅನ್ನಬೇಕು. ಇಂಥವರದ್ದು ಎಂದು ಬಾಯಿಬಿಟ್ಟವರ ಮನೆಗೆ ಆಮೇಲೆ ಯಾರೂ ಬೆಂಕಿ ಕೇಳಲೂ ಹೋಗುತ್ತಿರಲಿಲ್ಲ. ಅಜ್ಜಿ ಆ ಕಾಲದ ಕೊನೆಯನ್ನು ಕಂಡವಳು. ಜೂನ್ ಎರಡನೇ ವಾರ ಡೆಂಗ್ಯೂ ಸೊಳ್ಳೆಯ ಸರ್ವೆ ಎಂದು ಪಂಚಾಯಿತಿಯವರು ಬಂದು, ಟೈರಿನೊಳಗೆ ನೀರು ನಿಂತಿದೆಯೇ ಎಂದು ಇಣುಕಿ ನೋಡಿ, ಈ ಗಾಡಿಗಳೆಲ್ಲ ಯಾರದ್ದು ಎಂದು ಕೇಳಿದಾಗ ಮನೆಯಲ್ಲಿ ಇದ್ದವಳು ಅವಳೊಬ್ಬಳೇ. ಅವಳು ತನಗೆ ಗೊತ್ತಿದ್ದ ಮರ್ಯಾದೆಯ ಉತ್ತರ ಕೊಟ್ಟಳು. ಅವರು ಮಹಜರು ಬರೆದುಕೊಂಡರು. ಸಹಿ ಹಾಕಿ ಅಂದಾಗ ‘ವೆಂಕಮ್ಮ’ ಎಂದು ಮೂರು ಅಕ್ಷರವನ್ನು ಚೆನ್ನಾಗಿ ಬರೆದು, ಬಂದವರಿಗೆ ಚಾ ಕೊಟ್ಟು ಕಳಿಸಿದಳು.

ಹೋದ ವರ್ಷದವರೆಗೂ ಯಾರಿಗೂ ಕಾಣದ ಗಾಡಿಗಳು ಈ ವರ್ಷ ಏಕೆ ಕಂಡವು ಅಂದರೆ, ರಸ್ತೆಯ ಆ ಬದಿಗೆ ನಮ್ಮ ವಾರ್ಡಿನ ಮೆಂಬರು ಅಶ್ವಿನ್ ಹೋಂಸ್ಟೇ ಕಟ್ಟಿದ್ದಾನೆ. ಜೋಗ ನೋಡಲು ಬರುವವರು ಅಲ್ಲಿ ಉಳಿಯುತ್ತಾರೆ. ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯುವಾಗ ಎದುರಿಗೆ ತುಕ್ಕು ಹಿಡಿದ ಜೀಪು ಕಾಣಬಾರದು. ಏಪ್ರಿಲ್ಲಿನಲ್ಲೇ ಅವನು ಅಪ್ಪನಿಗೆ ಹೇಳಿದ್ದ, ಮಳೆಗಾಲಕ್ಕೆ ಗಾಡಿಗಳು ಬರುವ ಮುಂಚೆ ಅಂಗಳಕ್ಕೆ ಎತ್ತರದ ಶೀಟು ಹೊಡೆಸಿಬಿಡಿ ಎಂದು. ನಮ್ಮ ಅಡುಗೆಮನೆಗೇ ಶೀಟಿಲ್ಲ, ಅಂಗಳಕ್ಕೆ ಎಲ್ಲಿಂದ ತರುವುದು?

ಇದೇ ಅಡುಗೆಮನೆಯ ಕಾರಣಕ್ಕೆ ನೋಟಿಸು ನಮ್ಮ ಕುತ್ತಿಗೆಗೆ ಬಂತು. ಹಿಂದಿನ ವರ್ಷದ ಮಳೆಯಲ್ಲಿ ಅಡುಗೆಮನೆಯ ಹಿಂಗೋಡೆ ಬಿದ್ದಿತ್ತು. ಅಂದಿನಿಂದ ಅಮ್ಮ ನೀಲಿ ಟಾರ್ಪಾಲಿನ ಕೆಳಗೆ ಅಡುಗೆ ಮಾಡುತ್ತಿದ್ದಳು. ಗೋಡೆಗೆ ಸರ್ಕಾರದ ಹಣ ಮಂಜೂರಾಗಿತ್ತು. ಆದರೆ ಮನೆ ನಮ್ಮದು ಎಂದು ಪಂಚಾಯಿತಿ ಕೊಡುವ ಇ-ಸ್ವತ್ತು ಕಾಗದ ಇಲ್ಲದೆ ಅದು ಕೈಗೆ ಬರುವುದಿಲ್ಲ. ಅಜ್ಜಿಯ ಹೆಸರಿಗೆ ಅರ್ಜಿ ಹಾಕಿ ಎಂಟು ತಿಂಗಳಾಗಿತ್ತು. ನೋಟಿಸಿನ ಕೊನೆಯ ಸಾಲಿನಲ್ಲಿ ಬರೆದಿದ್ದರು: ವಾಹನಗಳ ವಿಷಯ ಇತ್ಯರ್ಥವಾಗುವವರೆಗೆ ಇ-ಸ್ವತ್ತು ಅರ್ಜಿಯನ್ನು ತಡೆಹಿಡಿಯಲಾಗಿದೆ.

ಮರುದಿನ ನಾನೂ ಲಿಖಿತಾಳೂ ಪಂಚಾಯಿತಿಗೆ ಹೋದೆವು. ಪಿಡಿಓ ಬಿಂದು ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕುರ್ಚಿ ತೋರಿಸಿದರು. ಅಶ್ವಿನ್ ಆಗಲೇ ಅಲ್ಲಿ ಚಾ ಕುಡಿಯುತ್ತ ಕೂತಿದ್ದ. ಮಹಜರಿನ ಪ್ರತಿ ಕೇಳಿ ತೆಗೆದುಕೊಂಡು ಪಟ್ಟಿ ನೋಡಿದೆವು. ಜೀಪು ಒಂದು. ಕಾನಕೊಡ್ಲಿನದೇ ವಾಸಪ್ಪನ ಟಿಲ್ಲರು ಒಂದು. ಗೂಡ್ಸ್ ಆಟೋ ಒಂದು. ಮೊಪೆಡ್ಡು ಎರಡು, ಬೈಕು ಮೂರು. ಒಂಬತ್ತನೆಯದು: ‘ಟಾರ್ಪಾಲು ಹೊದಿಸಿದ ಹಸಿರು ಬಣ್ಣದ ಸಣ್ಣ ವಾಹನ, ನಂಬರ್ ಪ್ಲೇಟ್ ಇರುವುದಿಲ್ಲ.’

ಲಿಖಿತಾ ನನ್ನ ಮುಖ ನೋಡಿದಳು. ಅದು ಪಂಚಾಯಿತಿಯದೇ ಕಸದ ಗಾಡಿ. ಎರಡು ವರ್ಷದ ಹಿಂದೆ ಬಂದಿದ್ದು; ಕಾಯಿ ಒಡೆದು, ಫೋಟೊ ತೆಗೆಸಿಕೊಂಡು, ನೋಂದಣಿ ಮಾಡಿಸುವುದನ್ನು ಮರೆತಿದ್ದರು. ನಿಲ್ಲಿಸಲು ಶೆಡ್ಡಿಲ್ಲ ಎಂದು ಡ್ರೈವರು ತಂದು ಬಿಡುತ್ತಿದ್ದುದೂ ನಮ್ಮ ಅಂಗಳದಲ್ಲೇ. ಸರ್ವೆಗೆ ಬಂದವರು ಟಾರ್ಪಾಲು ಎತ್ತಿ ನೋಡುವ ಕಷ್ಟ ತೆಗೆದುಕೊಳ್ಳದೆ ಅದನ್ನೂ ಅಜ್ಜಿಯ ಲೆಕ್ಕಕ್ಕೆ ಬರೆದಿದ್ದರು.

ನನಗೆ ಗೆದ್ದೇಬಿಟ್ಟೆ ಅನ್ನಿಸಿತು. ಕಾಗದವನ್ನು ಮೇಜಿನ ಮೇಲೆ ಇಟ್ಟು, ಒಂಬತ್ತನೆಯದನ್ನು ಸ್ವಲ್ಪ ಓದಿ ಮೇಡಂ, ಅದು ನಿಮ್ಮದೇ ಗಾಡಿ ಅಂದೆ.

ಮೇಡಂ ಓದಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪೆನ್ನು ತೆಗೆದು ಒಂಬತ್ತನೆಯ ಸಾಲಿನ ಮೇಲೆ ಗೀಟು ಎಳೆದು, ‘ಒಂಬತ್ತು’ ಇದ್ದದ್ದನ್ನು ‘ಎಂಟು’ ಮಾಡಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. “ಬರೆಯೋವಾಗ ಕೈತಪ್ಪಾಗಿದೆ. ಈಗ ಸರಿ ಹೋಯ್ತಲ್ಲ,” ಎಂದರು.

“ಅದಕ್ಕೂ ನೋಂದಣಿ ಇಲ್ಲ ಮೇಡಂ.”

“ಅದು ಸರ್ಕಾರದ ವಾಹನ. ಪ್ರಕ್ರಿಯೆಯಲ್ಲಿದೆ.”

ಸರ್ಕಾರದ್ದಾದರೆ ಎರಡು ವರ್ಷ ನಂಬರಿಲ್ಲದೆ ಊರು ತಿರುಗಬಹುದು. ಮಾಸ್ತಪ್ಪನದಾದರೆ ಅಂಗಳದಲ್ಲಿ ಸುಮ್ಮನೆ ನಿಂತರೂ ಅಪರಾಧ. ನಾನು ಇದನ್ನೇ ಅಂದೆ, ಇನ್ನೂ ಸ್ವಲ್ಪ ಗಟ್ಟಿಯಾಗಿ ಅಂದೆ. ಅಶ್ವಿನ್ ಲೋಟ ಕೆಳಗಿಟ್ಟು, “ಒಂಬತ್ತನೇ ಕ್ಲಾಸು ದಾಟದವನು ಪಿಡಿಓಗೆ ಕಾನೂನು ಹೇಳಕ್ಕೆ ಬಂದಿದಾನೆ ನೋಡಿ ಮೇಡಂ,” ಎಂದು ನಕ್ಕ. ನಾನು ಎದ್ದೆ. ಲಿಖಿತಾ ಅಂಗಿ ಹಿಡಿದು ಎಳೆದು ಕೂರಿಸಿದಳು.

ಮೇಡಂ ಕೆಟ್ಟವರಂತೆ ಮಾತಾಡಲಿಲ್ಲ, ಅದೇ ನನಗೆ ಇನ್ನೂ ಉರಿಸಿತು. ದಾರಿ ಸುಲಭ ಇದೆ ಎಂದರು. ಗಾಡಿಗಳು ನಿಮ್ಮದಲ್ಲದಿದ್ದರೆ ಯಾರದ್ದೆಂದು ಹೆಸರು, ಊರು, ಫೋನ್ ನಂಬರು ಬರೆದು ಅಜ್ಜಿಯ ಸಹಿ ಮಾಡಿಸಿ ಕೊಡಿ. ನಾವು ಅದನ್ನು ಆರ್‌ಟಿಓಗೆ ಕಳಿಸಿ ಕೈ ತೊಳೆದುಕೊಳ್ಳುತ್ತೇವೆ. ನಿಮ್ಮ ಇ-ಸ್ವತ್ತು ಮೂರೇ ದಿನದಲ್ಲಿ ಬರುತ್ತದೆ.

ಎಂಟು ತಿಂಗಳು ಆಗದ ಕೆಲಸ ಮೂರು ದಿನದಲ್ಲಿ ಆಗುತ್ತದೆ ಅಂದರೆ ಎಂಟು ತಿಂಗಳು ಎಂತ ಮಾಡುತ್ತಿದ್ದಿರಿ ಎಂದು ಕೇಳಬೇಕಿತ್ತು. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಹೊಳೆಯಿತು.

ಸಂಜೆ ಮನೆಯಲ್ಲಿ ಜಗಳ. ಅಪ್ಪ ರಾಜೇಂದ್ರ ಖಾಸಗಿ ಬಸ್ಸಿನ ಕಂಡಕ್ಟರು, ಸಾಗರದಿಂದ ತೀರ್ಥಹಳ್ಳಿಗೆ ದಿನಕ್ಕೆ ಎರಡು ಟ್ರಿಪ್ಪು. ಇಡೀ ದಿನ ಚಿಲ್ಲರೆಗೆ ಜಗಳ ಕೇಳಿ ಬರುವುದರಿಂದ ಮನೆಯಲ್ಲಿ ಯಾರೂ ಗಟ್ಟಿ ಮಾತಾಡಬಾರದು ಅವನಿಗೆ. ಆವತ್ತು ಅವನೇ ಗಟ್ಟಿ ಮಾತಾಡಿದ. ಹೆಸರು ಬರೆದು ಕೊಟ್ಟು ಮುಗಿಸಿ, ಅವರವರ ಗಾಡಿ ಅವರವರು ನೋಡಿಕೊಳ್ಳಲಿ ಎಂದ. ಅಮ್ಮ ಒಲೆಯ ಮುಂದೆ ಕೂತು ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಟಾರ್ಪಾಲಿನ ತೂತಿನ ಕೆಳಗೆ ಒಂದು ಬಕೆಟ್ಟು. ಅದು ತುಂಬಿದಾಗೆಲ್ಲ ಎದ್ದು ಹೊರಗೆ ಚೆಲ್ಲಿ ಬಂದು ಮತ್ತೆ ರೊಟ್ಟಿ ತಟ್ಟುವಳು. 

ಅಜ್ಜಿ ಗೋಡೆಗೆ ಒರಗಿ ಎಲೆಯಡಿಕೆಯ ಕವಳ ಹಾಕುತ್ತಿದ್ದಳು. ಆಗದು ಅಂದಳು.

“ಅವ್ವಾ, ಅವ್ರಿಗೆ ರಸ್ತೆ ಇಲ್ಲ ಅಂತ ನಮಗೆ ಗೋಡೆ ಬೇಡನಾ?” ಎಂದ ಅಪ್ಪ.

“ಗೋಡೆ ಬೇಡ ಅಂದ್ನಾ ನಾನು? ಹೆಸರು ಹೇಳಲ್ಲ ಅಂದೆ. ಅವ್ರು ನಿನ್ನ ಮುಖ ನೋಡಿ ಗಾಡಿ ಬಿಟ್ಟಿಲ್ಲ ರಾಜೇಂದ್ರಾ. ನನ್ನ ಮುಖ ನೋಡಿ ಬಿಟ್ಟಿದ್ದು.”

ನಾನು ಆಗ ಅಜ್ಜಿಯ ಕಡೆಗಿದ್ದೆ. ಹೆಸರು ಕೊಡುವುದು ಬೇಡ, ಅವರನ್ನೇ ಕರೆಸೋಣ, ಎಲ್ಲರೂ ಒಟ್ಟಿಗೆ ಹೋಗಿ ಆ ಆಫೀಸಿನ ಮುಂದೆ ನಿಲ್ಲೋಣ ಅಂದೆ. ಮಾರನೆಯ ದಿನ ಗ್ಯಾರೇಜಿನಿಂದಲೇ ಎಲ್ಲರಿಗೂ ಫೋನು ಮಾಡಿದೆ. ವಾಸಪ್ಪ, ಟಿಲ್ಲರು ವಾಹನವೇ ಅಲ್ಲ, ಅದು ಕೃಷಿ ಯಂತ್ರ, ನನ್ನನ್ನು ಯಾಕೆ ಎಳೀತೀಯ ಎಂದ. ಬೈಕಿನ ಮೂವರಲ್ಲಿ ಒಬ್ಬ ಬರುತ್ತೇನೆ ಎಂದು ಫೋನು ಬಂದ್ ಮಾಡಿಟ್ಟ. ಇನ್ನಿಬ್ಬರು ಆರ್‌ಟಿಓ ಹೆಸರು ಕೇಳಿಯೇ ಹೆದರಿದರು. ಮೊಪೆಡ್ಡಿನ ಒಬ್ಬ, ನಿನ್ನಜ್ಜಿ ಎಲ್ಲ ತನ್ನದೇ ಅಂದಿದ್ದಾಳಂತಲ್ಲ, ಹಾಗಾದರೆ ಅವಳಿಗೇ ಇರಲಿ ಬಿಡು ಎಂದು ತಮಾಷೆ ಮಾಡಿದ. ಗೂಡ್ಸ್ ಆಟೋದವನು ಅಶ್ವಿನನ ಸ್ವಂತ ಭಾವ. ಅವನಿಗೆ ವಿಷಯ ನನಗಿಂತ ಮೊದಲೇ ಗೊತ್ತಿತ್ತು. ಕಾನಕೊಡ್ಲಿನಲ್ಲಿ ಸಿಗ್ನಲ್ ಸಿಗುವುದಿಲ್ಲ; ಇವರೆಲ್ಲ ಕೆಲಸಕ್ಕೆಂದು ಪೇಟೆ ಕಡೆ ಬಂದಿದ್ದಾಗ ಸಿಕ್ಕರು, ಊರು ಬಿಟ್ಟು ಬಾರದ ಮಾಸ್ತಪ್ಪನಿಗೆ ಮಾತ್ರ ಹೇಳಲಾಗಲಿಲ್ಲ.

ಜುಲೈ ಮೊದಲ ವಾರ ಮಾಸ್ತಪ್ಪನ ಗದ್ದೆಯ ನಾಟಿ. ನಾನೂ ಅಮ್ಮನೂ ಎರಡು ದಿನ ಹೋದೆವು, ಅಪ್ಪ ರಜೆ ಹಾಕಿ ಒಂದು ದಿನ ಬಂದ. ಐದು ಆಳು. ಮಧ್ಯಾಹ್ನ ಅವರ ಜಗಲಿಯಲ್ಲಿ ಸಾಲಾಗಿ ಕೂತು ಊಟ. ಏಡಿ ಸಾರು, ಕೆಂಪಕ್ಕಿ ಅನ್ನ, ಕಳಲೆ ಪಲ್ಯ. ಮಾಸ್ತಪ್ಪ ತಾನೇ ಬಡಿಸುತ್ತ, ಸಾಕು ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೇ ಸಾರು ಹಾಕುವವನು. ಅಪ್ಪ ತಲೆ ತಗ್ಗಿಸಿಕೊಂಡು ನೋಟಿಸಿನ ವಿಷಯ ಹೇಳಿದ. ಮಾಸ್ತಪ್ಪ ಸೌಟು ಹಿಡಿದುಕೊಂಡೇ ನಿಂತು ಕೇಳಿದ.

“ನನ್ನಿಂದ ನಿಮಗೆ ತೊಂದ್ರೆ ಆತು. ಊರಿಂದು ನಾಟಿ ಒಂದು ಮುಗೀಲಿ ರಾಜೇಂದ್ರಾ. ನಾನೇ ಪಂಚಾಯ್ತಿಗೆ ಬತ್ತೀನಿ, ನನ್ನ ಹೆಸರು ನಾನೇ ಬರೆಸ್ತೀನಿ. ವೆಂಕಮ್ಮಕ್ಕನ ಬಾಯಲ್ಲಿ ಬರಸದು ಬೇಡ. ಒಂದು ತಿಂಗಳು ತಡೀರಿ.”

ಆಗಲಿ ಎಂದ ಅಪ್ಪ. ಅಮ್ಮನೂ ತಲೆಯಾಡಿಸಿದಳು. ಬರುವಾಗ ದಾರಿಯಲ್ಲಿ, ಅಷ್ಟು ಜನರಲ್ಲಿ ಗಂಡಸು ಅಂತ ಇರುವವನು ಮಾಸ್ತಪ್ಪ ಒಬ್ಬನೇ ಎಂದು ನಾನೇ ಹೇಳಿದೆ.

ನಾವು ತಡೆದದ್ದು ಹನ್ನೊಂದು ದಿನ.

ಹನ್ನೊಂದನೆಯ ದಿನ ಸಂಜೆ ಅಮ್ಮ ಒಲೆಯಲ್ಲಿ ಅನ್ನ ಇಟ್ಟಿದ್ದಳು. ಟಾರ್ಪಾಲಿನ ಹೊಟ್ಟೆಯಲ್ಲಿ ನಿಂತ ನೀರಿನ ಭಾರಕ್ಕೆ ಹಗ್ಗ ಕಿತ್ತು ಎಲ್ಲ ಒಮ್ಮೆಗೇ ಒಲೆಯ ಮೇಲೆ ಸುರಿಯಿತು. ಅನ್ನದ ಪಾತ್ರೆ ಉರುಳಿತು. ಬೂದಿ, ಕೆಸರು, ಅರ್ಧ ಬೆಂದ ಅಕ್ಕಿ ಎಲ್ಲ ಒಂದಾಗಿ ನೆಲದ ತುಂಬ. ಅಮ್ಮನ ಪಾದಕ್ಕೆ ಬಿಸಿ ಗಂಜಿ ಬಿದ್ದು ಬೊಬ್ಬೆ ಎದ್ದಿತು. ಲಿಖಿತಾ ತಣ್ಣೀರು ತಂದಳು. ಅಮ್ಮ ಅಳಲಿಲ್ಲ. ಬಾಚಲೂ ಹೋಗಲಿಲ್ಲ. ಹೊರಗೆ ಜಗಲಿಯಲ್ಲಿ ಹೋಗಿ ಕೂತು, “ಇವತ್ತು ಅಡುಗೆ ಇಲ್ಲ. ಯಾರಿಗೆ ಹಸಿವಾತೋ ಅವ್ರು ಆ ಗಾಡಿಗಳನ್ನ ಬೇಯಿಸ್ಕೊಂಡು ತಿನ್ನಿ,” ಅಂದಳು.

ಹೆಸರು ಹೇಳಬಾರದು ಅಂದ ಅಜ್ಜಿಯನ್ನು ನೋಡಿ ಅಂದ ಮಾತದು. ಅಜ್ಜಿ ಎದ್ದು ಹೋಗಿ ಬಗ್ಗಿ ನೆಲ ಬಾಚಿದಳು. ಆವತ್ತು ಅಂಗಡಿಯಿಂದ ಬನ್ನು ತಂದು ತಿಂದೆವು. ಅಮ್ಮ ಅದನ್ನೂ ತಿನ್ನಲಿಲ್ಲ.

ರಸ್ತೆಯ ಆಚೆ ಹೋಂಸ್ಟೇಯಲ್ಲಿ ಬಣ್ಣದ ಲೈಟು ಹಾಕಿಕೊಂಡು ಯಾರೋ ನಗುತ್ತಿದ್ದರು. ಕಸದ ಗಾಡಿಯನ್ನು ಪಂಚಾಯಿತಿಯವರು ಆಗಲೇ ಒಯ್ದಿದ್ದರು; ನಮ್ಮ ಅಂಗಳದಲ್ಲಿ ಉಳಿದ ಎಂಟು ಗಾಡಿ ನೆನೆಯುತ್ತಿದ್ದವು. ಅವನ್ನು ನೋಡುತ್ತ ನನ್ನ ತಲೆ ಕೆಟ್ಟಿತು. ಬೈಕಿನವರು ಬೆಚ್ಚಗೆ ಮನೆಯಲ್ಲಿದ್ದಾರೆ, ವಾಸಪ್ಪ ಬೆಚ್ಚಗಿದ್ದಾನೆ, ಅಶ್ವಿನನ ಭಾವ ಬೆಚ್ಚಗಿದ್ದಾನೆ. ಸುಟ್ಟದ್ದು ನನ್ನಮ್ಮನ ಕಾಲು. ಯಾಕೆ? ಯಾರಿಗೋಸ್ಕರ?

ಬೆಳಿಗ್ಗೆ ಗ್ಯಾರೇಜಿಗೆ ಹೊರಡುವ ಮುಂಚೆ ಲಿಖಿತಾಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಎಂಟು ಗಾಡಿಯ ಮುಂದೆ ಎಂಟು ಹೆಸರು ಬರೆದೆ. ಮಾಸ್ತಪ್ಪನದು ಬಿಡೋಣ ಎಂದು ಒಂದು ಕ್ಷಣ ಕೈ ತಡೆಯಿತು. ಬಿಟ್ಟರೆ ಜೀಪು ಅಜ್ಜಿಯ ತಲೆಗೆ ಬರುತ್ತದೆ ಎಂದುಕೊಂಡು ಅದನ್ನೂ ಬರೆದೆ. ಹೇಗೂ ಅವನೇ ಬರೆಸುತ್ತೇನೆ ಅಂದಿದ್ದಾನಲ್ಲ ಎಂದುಕೊಂಡೆ. ಅಜ್ಜಿ ದನದ ಕೊಟ್ಟಿಗೆಯಲ್ಲಿದ್ದಳು. ಹಾಳೆಯನ್ನು ಹೆಸರು ಕಾಣದ ಹಾಗೆ ಮಡಿಸಿ, ಕೆಳಗಿನ ಖಾಲಿ ಜಾಗ ತೋರಿಸಿ ಪೆನ್ನು ಕೊಟ್ಟೆ.

“ಎಂತದು ತಮ್ಮಾ?” ಅಂದಳು.

“ಮನೆದು, ಅಜ್ಜಿ.”

ಅವಳು ಸೆಗಣಿ ಕೈಯನ್ನು ಸೀರೆಗೆ ಒರೆಸಿಕೊಂಡು, ನಿಧಾನವಾಗಿ ಮೂರಕ್ಷರ ಬರೆದಳು. ಯಾವುದರದು, ಯಾಕೆ ಎಂದು ಕೇಳಲಿಲ್ಲ.

ಇ-ಸ್ವತ್ತು ನಿಜಕ್ಕೂ ಮೂರನೆಯ ದಿನ ಬಂತು. ಅಪ್ಪನಿಗೆ ವಿಷಯ ಹೇಳಿದ್ದೆ; ಅವನು, ಅವ್ವನಿಗೆ ಹೇಳುವುದು ಬೇಡ ಅಂದ. ಮೇಡಂ ತಾವಾಗಿಯೇ ಕೊಟ್ಟರು ಎಂದು ಅಜ್ಜಿಗೆ ಹೇಳಿದೆವು. ಅಜ್ಜಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಅದರಲ್ಲಿ ಅಚ್ಚಾದ ತನ್ನ ಫೋಟೊ ಚೆನ್ನಾಗಿಲ್ಲ ಅಂದಳು. ಅಮ್ಮ ಆವತ್ತು ಶ್ಯಾವಿಗೆ ಪಾಯಸ ಮಾಡಿದಳು. ಲಿಖಿತಾಗೆ ಮಾತ್ರ ತನ್ನ ನೋಟ್‌ಬುಕ್ಕಿನ ಹಾಳೆ ಹರಿದದ್ದು ಗೊತ್ತಾಗಿತ್ತು. ಪಾಯಸ ಕುಡಿಯುತ್ತ ನನ್ನ ಕಡೆ ನೋಡಿದಳು, ನಾನು ನೋಡಲಿಲ್ಲ.

ಜುಲೈ ಕೊನೆಗೆ ಆರ್‌ಟಿಓದವರು ಕ್ರೇನಿನ ಗಾಡಿ ತಂದರು. ಎಂಟು ಹೆಸರು ಕೊಟ್ಟಿದ್ದೆನಲ್ಲ, ಎಂಟಕ್ಕೂ ಒಂದೇ ನ್ಯಾಯ ಆಗುತ್ತದೆ ಎಂದುಕೊಂಡಿದ್ದೆ. ಗೂಡ್ಸ್ ಆಟೋ ಎರಡು ದಿನ ಮುಂಚೆಯೇ ಅಂಗಳದಿಂದ ಮಾಯವಾಗಿ ಹೋಂಸ್ಟೇ ಹಿಂದಿನ ಶೆಡ್ಡಿನೊಳಗೆ ಸೇರಿತ್ತು. ಬೈಕು, ಮೊಪೆಡ್ಡಿನವರಿಗೆ ಅಲ್ಲಿಂದಲೇ ಸುದ್ದಿ ಹೋಗಿರಬೇಕು, ಹಿಂದಿನ ದಿನ ಬಂದು ತಳ್ಳಿಕೊಂಡು ಹೋಗಿದ್ದರು. ಟಿಲ್ಲರು ತಮ್ಮ ಇಲಾಖೆಗೆ ಸೇರಿದ್ದಲ್ಲ ಎಂದು ಆರ್‌ಟಿಓದವರೇ ಬಿಟ್ಟರು; ಮರುದಿನ ವಾಸಪ್ಪ ಬಂದು ಅದನ್ನು ಒಯ್ದ. ಯಾರೂ ಸುದ್ದಿ ಹೇಳದಿದ್ದುದು ಫೋನಿಗೆ ಸಿಗದ ಮಾಸ್ತಪ್ಪನಿಗೆ ಮಾತ್ರ. ನಾನು ಆವತ್ತು ಗ್ಯಾರೇಜಿನಲ್ಲಿದ್ದೆ. ಅಜ್ಜಿ ಜೀಪಿನ ಮುಂದೆ ಹೋಗಿ ನಿಂತು, ಇದು ನನ್ನದು, ಮುಟ್ಟಬೇಡಿ ಅಂದಳಂತೆ. ಅವರು ಅವಳನ್ನು ಮೆಲ್ಲಗೆ ಬದಿಗೆ ಸರಿಸಿ, ಇಲ್ಲಮ್ಮ, ಇದು ಯಾರದ್ದು ಅಂತ ನಮ್ಮ ಹತ್ತಿರ ಬರವಣಿಗೆಯಲ್ಲಿದೆ ಎಂದು ಮುಂದಿನ ಚಕ್ರ ಎತ್ತಿ ಕಟ್ಟಿಕೊಂಡು ಹೋದರು. ದಂಡ, ಹಳೇ ಟ್ಯಾಕ್ಸು ಎಲ್ಲ ಸೇರಿದರೆ ಜೀಪಿನ ಬೆಲೆಗಿಂತ ಜಾಸ್ತಿ. ಅದನ್ನು ಬಿಡಿಸಿ ತರುವವರು ಯಾರೂ ಇಲ್ಲ.

ಅಂಥ ಬರವಣಿಗೆ ಯಾರು ಕೊಟ್ಟದ್ದು ಎಂದು ಅಜ್ಜಿ ರಾತ್ರಿ ಊಟಕ್ಕೆ ಕೇಳಿದಳು. ಅಶ್ವಿನನೇ ಕೊಟ್ಟಿರಬೇಕು ಎಂದ ಅಪ್ಪ. ನಾನು ಅನ್ನ ಕಲಸುತ್ತಿದ್ದೆ. ಅಶ್ವಿನನನ್ನು ಬಾಯಿಗೆ ಬಂದಂತೆ ಬೈದೆ. ಆ ಬೈಗುಳದಲ್ಲಿ ಸುಳ್ಳಿರಲಿಲ್ಲ, ಅವನು ಅದಕ್ಕೆ ಅರ್ಹನೇ. ಆದರೂ ಕಲಸಿದ ಅನ್ನವನ್ನು ಒಯ್ದು ದನಕ್ಕೆ ಹಾಕಿದೆ.

ಆಗಸ್ಟ್ ಮೊದಲ ವಾರ ಕಾನಕೊಡ್ಲಿನ ಒಬ್ಬ ಮುದುಕಿಗೆ ಉಸಿರಾಟ ಕಷ್ಟವಾಯಿತೆಂದು ಕಂಬಳಿಯಲ್ಲಿ ಹೊತ್ತು ತಂದರು. ಅಂಗಳದಲ್ಲಿ ಇಳಿಸಿದಾಗ ಜೀಪು ಇರಲಿಲ್ಲ. ನಾನು ಫೋನು ಮಾಡಿ ಹೊಸನಗರದಿಂದ ಆಟೋ ಕರೆಸಿದೆ. ಬರಲು ಒಂದೂವರೆ ತಾಸು ಹಿಡಿಯಿತು. ಮುದುಕಿ ಉಳಿದಳು. ಆ ಒಂದೂವರೆ ತಾಸೂ ಅವಳನ್ನು ಹೊತ್ತು ತಂದ ನಾಲ್ವರು ನಮ್ಮ ಜಗಲಿ ಹತ್ತದೆ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಅಮ್ಮ ಕೊಟ್ಟ ಚಾ ಈಗ ಬೇಡ ಅಂದರು.

ನಮ್ಮ ನಾಟಿ ಆಗಸ್ಟ್ ಹತ್ತಕ್ಕೆ. ಮನೆಯ ಹಿಂದಿನ ಇಪ್ಪತ್ತು ಗುಂಟೆ ಗದ್ದೆ. ಈ ಸಲ ಕಾನಕೊಡ್ಲಿನವರು ಬರುವುದಿಲ್ಲ, ಕೂಲಿಯಾಳು ನೋಡು ಎಂದು ಅಪ್ಪ ಹೇಳಿದ್ದ. ಅಜ್ಜಿ, ಬರುತ್ತಾರೆ ಅಂದಳು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಂದರು. ಮುಂದೆ ಮಾಸ್ತಪ್ಪ, ಹಿಂದೆ ನಾಲ್ವರು. ಐದು ಆಳು. ಅಜ್ಜಿಯ ಮುಖ ಅರಳಿತು. ಹೊಸ ಗೋಡೆಯ ಅಡುಗೆಮನೆಗೆ ಹೋಗಿ ಅಮ್ಮನಿಗೆ ಇನ್ನೊಂದು ಕೋಳಿ ಕೊಯ್ಯಿಸು ಅಂದಳು. ಗೋಡೆಗೆ ಇನ್ನೂ ಗಾರೆ ಆಗಿರಲಿಲ್ಲ, ಸಿಮೆಂಟ್ ಇಟ್ಟಿಗೆ ಹಾಗೇ ಕಾಣುತ್ತಿತ್ತು.

ಗದ್ದೆಯಲ್ಲಿ ಯಾರೂ ಮಾತಾಡಲಿಲ್ಲ. ಬೇರೆ ವರ್ಷ ಸಸಿ ನೆಡುತ್ತ ಒಬ್ಬರನ್ನೊಬ್ಬರು ಕಾಲೆಳೆದು, ಅಮ್ಮನನ್ನೂ ನಗಿಸುವವರು. ಈ ಸಲ ಐವರೂ ಸಾಲಾಗಿ ಬಗ್ಗಿ, ನನಗಿಂತ ಎರಡು ಮಾರು ಮುಂದೆ, ತಲೆ ಎತ್ತದೆ ನೆಟ್ಟರು. ಎರಡು ಗಂಟೆಗೆ ಮುಗಿಯಿತು. ಜಗಲಿಯಲ್ಲಿ ಅಮ್ಮ ಐದು ಬಾಳೆ ಎಲೆ ಹಾಕಿ, ಕಡುಬು ಕೋಳಿ ಸಾರು ಬಡಿಸಿಟ್ಟಿದ್ದಳು. ಅವರು ತೋಡಿನಲ್ಲಿ ಕೈಕಾಲು ತೊಳೆದುಕೊಂಡು, ಕಂಬಳಿ ಕೊಪ್ಪೆ ಹಾಕಿಕೊಂಡು, ಜಗಲಿಯ ಕಡೆ ತಿರುಗದೆ ಮಣ್ಣುದಾರಿ ಹಿಡಿದರು.

ಅಜ್ಜಿ ಕೋಲೂರಿಕೊಂಡು ಅಂಗಳಕ್ಕೆ ಇಳಿದಳು. “ಮಾಸ್ತಪ್ಪಾ, ಎಲೆ ಹಾಕ್ಯಾತು.”

ಮಾಸ್ತಪ್ಪ ನಿಂತ. ಬಾಕಿ ನಾಲ್ವರು ಮುಂದೆ ಹೋದರು.

“ಐದು ಆಳು ತೀರ್ತು ಅಕ್ಕಾ. ಇನ್ನು ಮುಂದೆ ಬೇಡ, ನೀವೂ ಬರದು ಬೇಡ.”

“ನಾನು ಎಂತ ತಪ್ಪು ಮಾಡಿದೆ ಹೇಳಿ ಹೋಗು.”

“ಜೀಪು ಬಿಡಸಕ್ಕೆ ಹೋಗಿದ್ದೆ. ಕಾಗದ ತೋರಿಸಿದ್ರು. ಕೆಳಗೆ ನಿಮ್ಮ ಸಹಿ ಇತ್ತು.” ಕಂಬಳಿ ಸರಿಮಾಡಿಕೊಂಡು ಮಾಸ್ತಪ್ಪ ಅಂದ, “ಒಂದು ತಿಂಗಳು ಕೇಳಿದ್ದೆ ಅಕ್ಕಾ ನಾನು. ನಾನೇ ಬರಸ್ತೀನಿ ಅಂದಿದ್ದೆ. ನಾನು ಬರಸಿದ್ರೆ ನನ್ನ ಒಂದು ಗಾಡಿ ಹೋಗ್ತಿತ್ತು, ಅಷ್ಟೇ. ಈಗ ಊರಲ್ಲಿ ಯಾರೂ ಈ ಅಂಗಳಕ್ಕೆ ಕಾಲಿಡಲ್ಲ ಅಂತಿದಾರೆ.”

ಅಜ್ಜಿ ತಿರುಗಿ ನನ್ನನ್ನು ನೋಡಿದಳು. ಗದ್ದೆಯ ಕೆಸರು ಮೆತ್ತಿಕೊಂಡು ನಾನು ಜಗಲಿಯ ಮೆಟ್ಟಿಲಲ್ಲಿ ನಿಂತಿದ್ದೆ. ತಲೆ ಬಗ್ಗಿಸಿ ಕಾಲಿನ ಕೆಸರನ್ನು ಮೆಟ್ಟಿಲಿಗೆ ಒರೆಸತೊಡಗಿದೆ. ಪಂಚಾಯಿತಿಯಲ್ಲಿ, ಗ್ಯಾರೇಜಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅಷ್ಟೆಲ್ಲ ಕೂಗಾಡಿದವನು ನಾನು.

ಅಜ್ಜಿ ಮತ್ತೆ ಮಾಸ್ತಪ್ಪನ ಕಡೆ ತಿರುಗಿದಳು. “ಹೌದು. ಸಹಿ ನಾನು ಹಾಕಿದ್ದು,” ಅಂದಳು. 

ಮಾಸ್ತಪ್ಪ ಒಂದು ಗಳಿಗೆ ಕಾದ. ಆಮೇಲೆ ತಲೆಯಾಡಿಸಿ ಹೊರಟ. ತಿರುವಿನಲ್ಲಿ ಅವನ ಕಂಬಳಿ ಮರೆಯಾಗುವವರೆಗೂ ಅಜ್ಜಿ ಅಂಗಳದಲ್ಲೇ ಇದ್ದಳು. ಬಿಟ್ಟ ಗಾಡಿ ಒಂದೂ ಇಲ್ಲದ ಅಂಗಳ ಎಷ್ಟು ದೊಡ್ಡದು ಎಂದು ನಾನು ನೋಡಿದ್ದು ಆಗಲೇ.

ಆಮೇಲೆ ಅವಳು ಜಗಲಿ ಹತ್ತಿ ಬಂದಳು. ಅಪ್ಪ ಅವಳ ಮುಖ ನೋಡಿ ಒಳಗೆ ಹೋದ. ಅಮ್ಮ ಎಲೆಗಳನ್ನು ಎತ್ತಲು ಬಗ್ಗಿದಳು. ಅಜ್ಜಿ ಕೋಲು ಅಡ್ಡ ಹಿಡಿದಳು.

“ಕೂತ್ಕ,” ಅಂದಳು ನನಗೆ.

ಕೈ ತೊಳೆದುಕೊಂಡು ಬರುತ್ತೇನೆ ಅಂದೆ.

“ಬ್ಯಾಡ. ಹಂಗೇ ಕೂತ್ಕ.”

ಮೊದಲನೆಯ ಎಲೆಯ ಮುಂದೆ ಕೂತೆ. ಅಜ್ಜಿ ಎದುರಿಗೆ ಕಾಲು ಚಾಚಿ ಕೂತು, ಉಣ್ಣು ಅಂದಳು. ಕಡುಬು ಆರಿತ್ತು. ಸಾರಿನ ಮೇಲೆ ಎಣ್ಣೆ ಕಟ್ಟಿತ್ತು. ತಿಂದೆ. ಎಲೆ ಖಾಲಿಯಾಯಿತು. ಏಳಲು ನೋಡಿದೆ.

“ಇನ್ನೂ ನಾಲ್ಕು ಎಲೆ ಇದೆ,” ಅಂದಳು ಅಜ್ಜಿ. “ಅವ್ರದ್ದು ಎಲ್ಲ ನೀನೇ ತೀರಿಸಿದೀಯಲ್ಲ. ಇದನ್ನೂ ತೀರಿಸು.”

ಸಾಕು ಬಿಡಿ ಅತ್ತೆ, ಹುಡುಗ ಅವನು ಅಂದಳು ಅಮ್ಮ, ಅಳುತ್ತ. ಅಜ್ಜಿ ಅವಳ ಕಡೆ ನೋಡಲಿಲ್ಲ.

ನಾನು ಎರಡನೆಯ ಎಲೆಗೆ ಸರಿದು ಕೂತೆ.